ಕಪ್ಪು ಹಡಗುಗಳು ಬಂದ ಮೇಲೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಪಾಶ್ಚಾತ್ಯ ಸಂಸ್ಕೃತಿಯ ಪ್ರಸಾರ ಮತ್ತು ಅದರ ಪರಿಣಾಮ’. ಈ ವಿಷಯದ ಮೇಲೆ ಸಾಮಾನ್ಯವಾಗಿ ಎಂಥ ಭಾಷಣ ಆಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಹುಟ್ಟುಹಬ್ಬಕ್ಕೆ ದೀಪ ಹಚ್ಚುವ ಬದಲು ಆರಿಸುತ್ತಾರೆ, ರೊಟ್ಟಿ ಬಿಟ್ಟು ಪಿಜ್ಜಾ ತಿನ್ನುತ್ತಾರೆ, ಹೆಣ್ಣುಮಕ್ಕಳು ಜೀನ್ಸ್ ಹಾಕುತ್ತಾರೆ ಎಂದು ಬೈದು, ನಮ್ಮ ಹಿರಿಯರ ಕಾಲವೇ ಚಿನ್ನ ಎಂದು ಹೊಗಳಿ ಕೂತುಬಿಡಬಹುದು. ಹಾಗೆ ಬೈಯುವವನ ಕೈಯಲ್ಲಿ ಮೈಕು, ಮೈಮೇಲೆ ಪ್ಯಾಂಟು, ಕಣ್ಣಿಗೆ ಕನ್ನಡಕ ಇರುತ್ತವೆ. ಇವೆಲ್ಲ ಎಲ್ಲಿಂದ ಬಂದವು ಎಂದು ಮುಂದೆ ಕೂತ ಹುಡುಗ ಕೇಳಿದರೆ ಉತ್ತರ ಕೊಡುವುದು ಕಷ್ಟ. ಆದ್ದರಿಂದ ನಾನು ಬೈಯುವ ಕೆಲಸಕ್ಕೆ ಹೋಗುವುದಿಲ್ಲ. ಈ ಶಾಲೆಯಲ್ಲಿ ಹನ್ನೊಂದು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಆ ಅಭ್ಯಾಸದ ಬಲದಿಂದ ಒಂದು ದೇಶದ ಕಥೆ ಹೇಳುತ್ತೇನೆ. ತೀರ್ಮಾನ ನಿಮಗೆ ಬಿಟ್ಟದ್ದು.

ಆ ದೇಶ ಜಪಾನ್. ಅದನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ದೇಶಕ್ಕೆ ಪಶ್ಚಿಮದ ಗಾಳಿ ಬಂದದ್ದು ಆಳುವವರ ಜೊತೆಯಲ್ಲಿ. ಏನು ಬೇಕು, ಏನು ಬೇಡ ಎಂದು ಹೇಳುವ ಅಧಿಕಾರ ನಮಗಿರಲಿಲ್ಲ. ಜಪಾನನ್ನು ಯಾವ ಯುರೋಪಿನ ದೇಶವೂ ಆಳಲಿಲ್ಲ. ಅವರು ಭಯದಿಂದ ತೆಗೆದುಕೊಂಡರು, ಆಸೆಯಿಂದ ತೆಗೆದುಕೊಂಡರು, ಕೆಲವೊಮ್ಮೆ ಹುಚ್ಚಿನಿಂದಲೂ ತೆಗೆದುಕೊಂಡರು. ಆದರೆ ತೆಗೆದುಕೊಂಡವರು ಅವರೇ. ಹಾಗಾಗಿ ಲಾಭ ನಷ್ಟದ ಲೆಕ್ಕ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸುಮಾರು ಇನ್ನೂರು ವರ್ಷ ಜಪಾನು ತನ್ನ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಕೊಂಡಿತ್ತು. ಹೊರಗಿನವರ ಪೈಕಿ ಚೀನೀಯರಿಗೂ ಡಚ್ಚರಿಗೂ ನಾಗಸಾಕಿಯಲ್ಲಿ ಮಾತ್ರ ವ್ಯಾಪಾರಕ್ಕೆ ಅವಕಾಶ. ಡಚ್ಚರಂತೂ ದೆಜಿಮಾ ಎಂಬ ಪುಟ್ಟ ದ್ವೀಪ ಬಿಟ್ಟು ಆಚೆ ಬರುವಂತಿರಲಿಲ್ಲ. ಆದರೆ ಮುಚ್ಚಿದ ಬಾಗಿಲಿನ ಸಂದಿಯಿಂದಲೂ ಬೆಳಕು ಬರುತ್ತದೆ. 1771ರಲ್ಲಿ ಒಂದು ಘಟನೆ ನಡೆಯಿತು. ಸುಗಿತಾ ಗೆಂಪಾಕು ಎಂಬ ವೈದ್ಯನ ಕೈಗೆ ಶರೀರದ ಒಳಗಿನ ಚಿತ್ರಗಳಿದ್ದ ಒಂದು ಡಚ್ ಪುಸ್ತಕ ಸಿಕ್ಕಿತ್ತು. ಅದರ ಒಂದಕ್ಷರವೂ ಅವನಿಗೆ ಓದಲು ಬಾರದು. ಮರಣದಂಡನೆಗೆ ಗುರಿಯಾದ ಒಬ್ಬ ಹೆಂಗಸಿನ ಶವವನ್ನು ಕೊಯ್ದು ತೋರಿಸುತ್ತಾರೆಂದು ತಿಳಿದು, ಆ ಪುಸ್ತಕ ಹಿಡಿದುಕೊಂಡು ಸ್ನೇಹಿತರ ಜೊತೆ ಅಲ್ಲಿಗೆ ಹೋದ. ಕೊಯ್ದು ತೋರಿಸಿದವನು ತೊಂಬತ್ತು ವರ್ಷದ ಮುದುಕ. ಅವನು ಅಲ್ಲಿನ ಅಸ್ಪೃಶ್ಯ ಸಮುದಾಯದವನು, ಏಕೆಂದರೆ ಹೆಣ ಮುಟ್ಟುವ ಕೆಲಸ ಅವರದೇ ಆಗಿತ್ತು. ಶ್ವಾಸಕೋಶ ಇದು, ಯಕೃತ್ತು ಇದು ಎಂದು ಆ ಮುದುಕ ಒಂದೊಂದಾಗಿ ತೋರಿಸಿದ. ವೈದ್ಯರು ಪುಸ್ತಕದ ಚಿತ್ರ ನೋಡಿದರು, ದೇಹ ನೋಡಿದರು. ಎರಡೂ ಒಂದೇ. ತಾವು ಅಲ್ಲಿಯವರೆಗೆ ಕಲಿತಿದ್ದ ಹಳೆಯ ಗ್ರಂಥಗಳ ಚಿತ್ರ ಮಾತ್ರ ಹೊಂದಲಿಲ್ಲ.

ಮರುದಿನವೇ ಅವರು ಆ ಪುಸ್ತಕವನ್ನು ಅನುವಾದ ಮಾಡಲು ಕುಳಿತರು. ಸರಿಯಾದ ನಿಘಂಟು ಇಲ್ಲ, ಹೇಳಿಕೊಡುವವರಿಲ್ಲ. ಒಂದು ವಾಕ್ಯದ ಮುಂದೆ ಇಡೀ ದಿನ ಕೂತದ್ದೂ ಉಂಟು. 1774ರಲ್ಲಿ ಪುಸ್ತಕ ಹೊರಬಂತು. ಜಪಾನೀ ಭಾಷೆಯಲ್ಲಿ ಇಲ್ಲದ ಪದಗಳನ್ನು ಅವರು ಹೊಸದಾಗಿ ಕಟ್ಟಿದರು. ನರ ಎಂಬುದಕ್ಕೆ ಅವರು ಅಂದು ಕಟ್ಟಿದ ‘ಶಿಂಕೇ’ ಎಂಬ ಪದವನ್ನು ಇಂದಿಗೂ ಜಪಾನಿನ ವೈದ್ಯರು ಬಳಸುತ್ತಾರೆ. ಈ ಕಥೆಯನ್ನು ಯಾಕೆ ಮೊದಲು ಹೇಳಿದೆನೆಂದರೆ, ಪಶ್ಚಿಮದಿಂದ ಕಲಿಯುವುದಕ್ಕೆ ಇದೊಂದು ದಾರಿ. ಕಣ್ಣಿನಿಂದ ಪರೀಕ್ಷೆ ಮಾಡಿ ನಿಜವೆಂದು ಕಂಡದ್ದನ್ನು ಒಪ್ಪುವುದು, ಒಪ್ಪಿದ್ದನ್ನು ತನ್ನ ಭಾಷೆಗೆ ತರುವುದು. ಇನ್ನೊಂದು ದಾರಿಯೂ ಇದೆ. ಅದು ಎಂಬತ್ತು ವರ್ಷದ ಮೇಲೆ ಬಂತು.

1853ರ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರ್ರಿ ನಾಲ್ಕು ಯುದ್ಧನೌಕೆಗಳೊಂದಿಗೆ ಈಗಿನ ಟೋಕಿಯೋ ಕೊಲ್ಲಿಯ ಬಾಯಿಗೆ ಬಂದು ನಿಂತ. ಹೊಗೆ ಕಾರುವ ಕಪ್ಪು ಹಡಗುಗಳು. ವ್ಯಾಪಾರಕ್ಕೆ ಬಾಗಿಲು ತೆಗೆಯಿರಿ ಎಂಬ ಪತ್ರ ಕೈಯಲ್ಲಿ, ತೋಪುಗಳು ಬೆನ್ನಿಗೆ. ಅದಕ್ಕೆ ಹತ್ತು ವರ್ಷ ಮೊದಲಷ್ಟೇ ಅಫೀಮು ಯುದ್ಧದಲ್ಲಿ ಬ್ರಿಟಿಷರು ಚೀನಾದಂಥ ದೊಡ್ಡ ಸಾಮ್ರಾಜ್ಯವನ್ನು ಮಣಿಸಿದ್ದ ಸುದ್ದಿ ಜಪಾನಿನವರಿಗೆ ತಲುಪಿತ್ತು. ಅವರು ಬಾಗಿಲು ತೆರೆದರು. 1858ರಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳೊಂದಿಗೆ ಒಪ್ಪಂದಗಳಾದವು. ಅವುಗಳ ಪ್ರಕಾರ ವಿದೇಶಿಯೊಬ್ಬ ಜಪಾನಿನಲ್ಲಿ ಅಪರಾಧ ಮಾಡಿದರೆ ವಿಚಾರಣೆ ನಡೆಸುವವರು ಅವನ ದೇಶದವರೇ. ಆಮದಾಗುವ ಸರಕಿನ ಮೇಲೆ ಎಷ್ಟು ಸುಂಕ ಹಾಕಬೇಕೆಂದು ಜಪಾನು ತಾನೇ ನಿರ್ಧರಿಸುವಂತಿಲ್ಲ. ಮನೆ ನಮ್ಮದು, ಬಾಗಿಲಿನ ಕೀಲಿ ಪಕ್ಕದವನದು ಎಂಬ ಸ್ಥಿತಿ.

1868ರಲ್ಲಿ ಹಳೆಯ ಸೇನಾಧಿಪತಿಗಳ ಆಳ್ವಿಕೆ ಬಿದ್ದು ಮೇಯ್ಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂತು. ಈ ಸರ್ಕಾರದ ಪ್ರಮುಖರಲ್ಲಿ ಹಲವರು 1871ರಲ್ಲಿ ಹಡಗು ಹತ್ತಿ ಅಮೆರಿಕ, ಯುರೋಪುಗಳನ್ನು ನೋಡಲು ಹೊರಟರು. ವಿದ್ಯಾರ್ಥಿಗಳೂ ಸೇರಿ ನೂರಕ್ಕೂ ಹೆಚ್ಚು ಜನ, ಸುಮಾರು ಎರಡು ವರ್ಷದ ಪ್ರವಾಸ. ಹೊಸ ಸರ್ಕಾರ ಇನ್ನೂ ಕಾಲೂರಿಲ್ಲ, ಮಂತ್ರಿಗಳೇ ಶಾಲೆಗೆ ಹೋದ ಹಾಗೆ ಹೋದರು. ಕಾರ್ಖಾನೆ, ಜೈಲು, ಶಾಲೆ, ಬ್ಯಾಂಕು, ಪಾರ್ಲಿಮೆಂಟು ಎಲ್ಲವನ್ನೂ ನೋಡಿ ಬರೆದುಕೊಂಡರು. ತಂಡದ ಮುಖ್ಯಸ್ಥ ಇವಾಕುರಾ ಹೋಗುವಾಗ ಜುಟ್ಟು, ಕಿಮೋನೊದಲ್ಲಿದ್ದ. ಅಮೆರಿಕದಲ್ಲೇ ಜುಟ್ಟು ಕತ್ತರಿಸಿದ.

ಜುಟ್ಟು ಹೋದದ್ದು ಅವನೊಬ್ಬನದಲ್ಲ. 1873ರಲ್ಲಿ ಚಕ್ರವರ್ತಿಯೂ ಕೂದಲು ಕತ್ತರಿಸಿಕೊಂಡ. ಬೌದ್ಧ ಧರ್ಮದ ಪ್ರಭಾವದಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ದನದ ಮಾಂಸವನ್ನು ದೂರವಿಟ್ಟಿದ್ದ ದೇಶದಲ್ಲಿ ಚಕ್ರವರ್ತಿ ಅದನ್ನು ತಿಂದನೆಂಬ ಸುದ್ದಿ 1872ರಲ್ಲಿ ಹೊರಬಂತು. ಯುರೋಪಿನವರು ಗಟ್ಟಿಮುಟ್ಟಾಗಿರುವುದಕ್ಕೆ ಅದೇ ಕಾರಣ ಎಂಬ ನಂಬಿಕೆ ಹರಡಿತು. ಅದೇ ವರ್ಷ ಟೋಕಿಯೋದಿಂದ ಯೊಕೊಹಾಮಾಕ್ಕೆ ರೈಲು ಓಡಿತು.

ಪಂಚಾಂಗದ ಕಥೆ ನಮ್ಮ ರೈತರಿಗೆ ಚೆನ್ನಾಗಿ ಅರ್ಥವಾದೀತು. ಜಪಾನಿನ ಹಳೆಯ ಪಂಚಾಂಗ ನಮ್ಮದರಂತೆಯೇ ಚಂದ್ರನ ಲೆಕ್ಕದ್ದು, ಅಲ್ಲೂ ಅಧಿಕ ಮಾಸ ಬರುತ್ತಿತ್ತು. ಒಂದು ದಿನ ಸರ್ಕಾರ ಇಂಗ್ಲಿಷ್ ಕ್ಯಾಲೆಂಡರನ್ನು ಜಾರಿಗೆ ತಂದಿತು. ಒಂದು ತಿಂಗಳೂ ಮುಂಗಡ ಸೂಚನೆಯಿಲ್ಲ. ಹನ್ನೆರಡನೆಯ ತಿಂಗಳ ಎರಡನೆಯ ತಾರೀಖು ರಾತ್ರಿ ಮಲಗಿದ ಜನ ಬೆಳಗ್ಗೆ ಎದ್ದಾಗ 1873ರ ಜನವರಿ 1. ಮುಂದಿನ ವರ್ಷ ಅಧಿಕ ಮಾಸ ಬರುವುದಿತ್ತು. ಅದು ಬಂದಿದ್ದರೆ ಸರ್ಕಾರಿ ನೌಕರರಿಗೆ ಹದಿಮೂರು ತಿಂಗಳ ಸಂಬಳ ಕೊಡಬೇಕಾಗುತ್ತಿತ್ತು. ಖಜಾನೆಗೆ ಆ ಹಣ ಉಳಿಯಿತು. ಆದರೆ ಬಿತ್ತನೆಗೂ ಹಬ್ಬಕ್ಕೂ ಇದ್ದ ನಂಟು ತಪ್ಪಿತು. ನಮ್ಮ ಯುಗಾದಿಯನ್ನು ಏಕಾಏಕಿ ಚಳಿಗಾಲಕ್ಕೆ ತಂದು ಕೂರಿಸಿದರೆ ಹೇಗಾದೀತು, ಯೋಚಿಸಿ. ಹೊಸತು ಬಂದದ್ದಕ್ಕೆ ಕಾರಣ ಸುಧಾರಣೆ ಎಂದು ಹೇಳುವವರು, ಒಳಗಿನ ಕಾರಣ ಸಂಬಳದ ಉಳಿತಾಯವೂ ಹೌದು ಎಂಬುದನ್ನು ಯಾರಿಗೂ ಹೇಳುವುದಿಲ್ಲ.

ಹೊಸತನದ ಖರ್ಚು ಯಾರ ತಲೆಯ ಮೇಲೆ ಬಿತ್ತು? ಹಳ್ಳಿಯವರ ತಲೆಯ ಮೇಲೆ. 1873ರಲ್ಲಿ ಭೂಕಂದಾಯದ ಪದ್ಧತಿ ಬದಲಾಯಿತು. ಮೊದಲು ಬೆಳೆಯಲ್ಲಿ ಒಂದು ಪಾಲು ಭತ್ತವಾಗಿ ಕೊಡುತ್ತಿದ್ದರು. ಈಗ ಜಮೀನಿನ ಬೆಲೆಯ ಶೇಕಡಾ 3ನ್ನು ರೊಕ್ಕದಲ್ಲೇ ಕಟ್ಟಬೇಕು, ಮಳೆ ಬರಲಿ ಬಿಡಲಿ. ರೈತರು ದಂಗೆಯೆದ್ದ ಮೇಲೆ 1877ರಲ್ಲಿ ಅದು ಎರಡೂವರೆಗೆ ಇಳಿಯಿತು. ಸಾಲಕ್ಕೆ ಸಿಕ್ಕಿ ಜಮೀನು ಕಳೆದುಕೊಂಡು ಗೇಣಿದಾರರಾದವರು ಬಹಳ ಜನ. ಅದೇ 1873ರಲ್ಲಿ ಕಡ್ಡಾಯ ಸೈನ್ಯಸೇವೆ ಬಂತು. ಸರ್ಕಾರದ ಪ್ರಕಟಣೆಯಲ್ಲಿ ಅದನ್ನು ‘ರಕ್ತದ ತೆರಿಗೆ’ ಎಂದು ಕರೆದಿದ್ದರು. ನಿಜವಾಗಿಯೂ ರಕ್ತ ಹಿಂಡಿ ತೆಗೆಯುತ್ತಾರೆಂದು ಹೆದರಿ ಹಲವು ಕಡೆ ಜನ ಬಂಡೆದ್ದರು.

ಶಾಲೆಗಳ ಮೇಲೂ ಸಿಟ್ಟು ಬಂತು. 1872ರ ಶಿಕ್ಷಣ ಕಾನೂನಿನ ಆದರ್ಶ ದೊಡ್ಡದು: ಊರಿನಲ್ಲಿ ಓದಿಲ್ಲದ ಮನೆ ಇರಬಾರದು, ಮನೆಯಲ್ಲಿ ಓದಿಲ್ಲದ ಮನುಷ್ಯ ಇರಬಾರದು. ಆದರೆ ಕಟ್ಟಡದ ಖರ್ಚು ಊರಿನವರದು, ಫೀಜು ತಂದೆತಾಯಿಯದು, ಗದ್ದೆಯಲ್ಲಿ ಕೈಗೂಡಿಸುತ್ತಿದ್ದ ಮಗ ಶಾಲೆಯಲ್ಲಿ. ಕೆಲವು ಕಡೆ ಜನ ಶಾಲೆಗಳಿಗೆ ಬೆಂಕಿ ಹಚ್ಚಿದರು. ಅವರನ್ನು ಮೂರ್ಖರು ಎನ್ನುವುದು ಸುಲಭ. ಆದರೆ 1900ರಲ್ಲಿ ಪ್ರಾಥಮಿಕ ಶಾಲೆಯ ಫೀಜು ರದ್ದಾದ ಮೇಲೆ ನೋಡಿ, 1910ರ ಹೊತ್ತಿಗೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಸೇರಿದ್ದರು. ಜನ ವಿದ್ಯೆಯನ್ನು ದ್ವೇಷಿಸಿರಲಿಲ್ಲ. ತಮ್ಮನ್ನು ಕೇಳದೆ ತಮ್ಮ ಮೇಲೆ ಹೊರಿಸಿದ ಹೊರೆಯನ್ನು ದ್ವೇಷಿಸಿದ್ದರು.

ಹಾಗೆಂದು ಹಳೆಯದೆಲ್ಲ ಒಳ್ಳೆಯದಿತ್ತು ಎಂದೂ ಹೇಳಲಾರೆ. ಶವ ಕೊಯ್ದು ತೋರಿಸಿದ ಆ ಮುದುಕನ ಸಮುದಾಯವನ್ನು ನೆನಪಿಡಿ. ಇಂಥ ಸಮುದಾಯಗಳ ಮೇಲಿನ ಕಾನೂನಿನ ಕಟ್ಟುಗಳನ್ನು 1871ರ ಆಜ್ಞೆ ತೆಗೆದುಹಾಕಿತು. ಪಶ್ಚಿಮದ ದೇಶಗಳ ಮುಂದೆ ತಲೆಯೆತ್ತಬೇಕಾದರೆ ಇಂಥ ಪದ್ಧತಿ ಇರಬಾರದು ಎಂಬ ಭಾವನೆಯೂ ಅದರ ಹಿಂದೆ ಇತ್ತು. ಮನಸ್ಸಿನ ಕಟ್ಟು ಅಷ್ಟು ಬೇಗ ಬಿಡಲಿಲ್ಲ, ಆ ಆಜ್ಞೆಯ ವಿರುದ್ಧವೂ ಹಳ್ಳಿಗಳಲ್ಲಿ ಗಲಭೆಯಾಯಿತು. ನಮ್ಮಲ್ಲೂ ಊರ ಬಾವಿಯ ನೀರು ಮುಟ್ಟಬಾರದೆಂದು ಯಾರಿಗೆ ಹೇಳುತ್ತಿದ್ದೆವೋ ಅವರಿಗೆ ಹೊಸ ಶಾಲೆ, ಹೊಸ ಕಾನೂನು ಒಂದು ಬಾಗಿಲಾಯಿತು. ಬಾಬಾಸಾಹೇಬ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದು ನಮ್ಮ ಸಂವಿಧಾನ ರಚಿಸಿದ್ದು ನಮ್ಮ ಭಾಗ್ಯ. ಸಂಸ್ಕೃತಿ ಹಾಳಾಯಿತು ಎಂದು ಯಾರಾದರೂ ಹೇಳಿದಾಗ, ಯಾರಿಗೆ ಹಾಳಾಯಿತು ಎಂದು ಒಮ್ಮೆ ಕೇಳಬೇಕು.

ಈಗ ಹುಚ್ಚಿನ ಭಾಗಕ್ಕೆ ಬರುತ್ತೇನೆ. ಅನ್ಯಾಯದ ಒಪ್ಪಂದಗಳನ್ನು ತಿದ್ದಿಸಬೇಕಾದರೆ ನಾವೂ ಅವರಂತೆ ಕಾಣಬೇಕು ಎಂದು ಸರ್ಕಾರ ಯೋಚಿಸಿತು. 1883ರಲ್ಲಿ ಟೋಕಿಯೋದಲ್ಲಿ ರೊಕುಮೇಕಾನ್ ಎಂಬ ಭವ್ಯ ಭವನ ಕಟ್ಟಿದರು. ನಕ್ಷೆ ಮಾಡಿದವನು ಇಂಗ್ಲೆಂಡಿನ ಶಿಲ್ಪಿ. ಅಲ್ಲಿ ಮಂತ್ರಿಗಳು ಕೋಟು ತೊಟ್ಟು, ಅವರ ಹೆಂಡಂದಿರು ಸೊಂಟ ಬಿಗಿಯುವ ಗೌನು ತೊಟ್ಟು, ವಿದೇಶಿ ರಾಯಭಾರಿಗಳ ಜೊತೆ ಅವರ ಕುಣಿತ ಕುಣಿದರು. ರಾಯಭಾರಿಗಳು ಉಂಡರು, ಕುಣಿದರು, ಬೆನ್ನ ಹಿಂದೆ ನಕ್ಕರು. ಒಪ್ಪಂದ ಮಾತ್ರ ತಿದ್ದಲಿಲ್ಲ.

1886ರಲ್ಲಿ ನಾರ್ಮಂಟನ್ ಎಂಬ ಬ್ರಿಟಿಷ್ ಹಡಗು ಜಪಾನಿನ ಕರಾವಳಿಯಲ್ಲಿ ಮುಳುಗಿತು. ಕ್ಯಾಪ್ಟನ್ ಮತ್ತು ಯುರೋಪಿನ ಸಿಬ್ಬಂದಿ ದೋಣಿಗಳಲ್ಲಿ ಪಾರಾದರು. ಹಡಗಿನಲ್ಲಿದ್ದ 25 ಜಪಾನೀ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ಜೊತೆ ಸತ್ತವರಲ್ಲಿ ಹಡಗಿನ ಕೂಲಿಗಳಾಗಿದ್ದ ನಮ್ಮ ಭಾರತದ ಖಲಾಸಿಗಳೂ ಇದ್ದರು. ಒಪ್ಪಂದದ ಪ್ರಕಾರ ವಿಚಾರಣೆ ನಡೆಸಿದ್ದು ಬ್ರಿಟಿಷರದೇ ಕೋರ್ಟು. ಮೊದಲು ತಪ್ಪಿಲ್ಲ ಎಂದರು, ಜನ ರೊಚ್ಚಿಗೆದ್ದ ಮೇಲೆ ಕ್ಯಾಪ್ಟನ್ನಿಗೆ ಮೂರು ತಿಂಗಳ ಸಜೆ ಕೊಟ್ಟರು. ಎಷ್ಟು ಚೆನ್ನಾಗಿ ಕುಣಿದರೂ ದೋಣಿಯಲ್ಲಿ ಜಾಗವಿಲ್ಲ ಎಂಬುದು ಜಪಾನಿನ ಜನರಿಗೆ ಆ ದಿನ ತಿಳಿಯಿತು. ಕುಣಿತದ ನೀತಿಗೆ ಕಾರಣನಾದ ವಿದೇಶಾಂಗ ಮಂತ್ರಿ ಮರುವರ್ಷ ರಾಜೀನಾಮೆ ಕೊಟ್ಟ. ಒಪ್ಪಂದ ತಿದ್ದುಪಡಿಯಾಗಿ ವಿದೇಶಿಗಳು ಜಪಾನಿನ ಕಾನೂನಿಗೆ ಒಳಪಟ್ಟದ್ದು 1899ರಲ್ಲಿ, ಸುಂಕದ ಪೂರ್ಣ ಹಕ್ಕು ಮರಳಿದ್ದು 1911ರಲ್ಲಿ. ಅದು ಆದದ್ದು ಕಾನೂನು ಗ್ರಂಥಗಳನ್ನು ಬರೆದು, ಕಾರ್ಖಾನೆ ಕಟ್ಟಿ, ಮಕ್ಕಳನ್ನು ಓದಿಸಿ ಗಳಿಸಿದ ಬಲದಿಂದ.

ವೇಷಕ್ಕಿಂತ ಕೆಟ್ಟದ್ದು ನಾಚಿಕೆ. 1876ರಲ್ಲಿ ಟೋಕಿಯೋಗೆ ಬಂದ ಬೆಲ್ಟ್ಸ್ ಎಂಬ ಜರ್ಮನ್ ವೈದ್ಯ ತನ್ನ ದಿನಚರಿಯಲ್ಲಿ ಬರೆದಿದ್ದಾನೆ: ಓದಿದ ಜಪಾನೀಯರಿಗೆ ತಮ್ಮ ಹಿಂದಿನ ಕಾಲದ ಮಾತೆತ್ತಿದರೆ ಮುಜುಗರವಾಗುತ್ತಿತ್ತು, ತಮಗೆ ಇತಿಹಾಸವೇ ಇಲ್ಲ ಎಂಬಂತೆ ಮಾತಾಡುತ್ತಿದ್ದರು. ನಾರಾ ನಗರದ ಕೊಫುಕುಜಿ ದೇವಾಲಯದ ಐದು ಅಂತಸ್ತಿನ ಗೋಪುರವನ್ನು ಆ ದಿನಗಳಲ್ಲಿ ಪುಡಿಗಾಸಿಗೆ ಮಾರಲು ಹೊರಟಿದ್ದರು, ಅದರ ಲೋಹಕ್ಕಾಗಿ ಸುಟ್ಟುಬಿಡುವ ಯೋಚನೆ ನಡೆದಿತ್ತು ಎಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಗೋಪುರ ಉಳಿಯಿತು. ಇಂದು ಲಕ್ಷಾಂತರ ಜನ ಅದನ್ನು ನೋಡಲು ಹೋಗುತ್ತಾರೆ. ಹಳೆಯ ದೇವಾಲಯಗಳ ರಕ್ಷಣೆಗೆ 1897ರಲ್ಲಿ ಕಾನೂನು ಬಂತು. ಇನ್ನೊಂದು ವಿಚಿತ್ರ ನೋಡಿ. ಜಪಾನಿನವರು ಅಗ್ಗದ ವಸ್ತುವೆಂದು ತಿಳಿದಿದ್ದ ಅಚ್ಚುಚಿತ್ರಗಳನ್ನು ಯುರೋಪಿನಲ್ಲಿ ವ್ಯಾನ್ ಗೋ, ಮೋನೆಯಂಥ ಚಿತ್ರಕಾರರು ಸಂಗ್ರಹಿಸಿ, ಅವುಗಳಿಂದ ಕಲಿಯುತ್ತಿದ್ದರು. ಪ್ರಭಾವ ಯಾವಾಗಲೂ ಒಂದೇ ಕಡೆ ಹರಿಯುವ ಹೊಳೆಯಲ್ಲ.

ಇನ್ನು ಭಾಷೆಯ ವಿಷಯ. ನಮ್ಮ ಶಾಲೆಗೆ ಹತ್ತಿರದ ಮಾತು ಇದೇ. 1872ರ ಸುಮಾರಿಗೆ ಮೋರಿ ಅರಿನೋರಿ ಎಂಬ ರಾಜತಂತ್ರಜ್ಞ ಒಂದು ಸಲಹೆ ಮುಂದಿಟ್ಟ. ಜಪಾನೀ ಭಾಷೆಯಲ್ಲಿ ಆಧುನಿಕ ವಿದ್ಯೆ ಸಾಧ್ಯವಿಲ್ಲ, ಇಂಗ್ಲಿಷನ್ನೇ ದೇಶದ ಭಾಷೆ ಮಾಡಿಕೊಳ್ಳೋಣ ಎಂದು. ಅಮೆರಿಕದ ಭಾಷಾ ವಿದ್ವಾಂಸ ವಿಟ್ನಿಗೂ ಬರೆದು ಅಭಿಪ್ರಾಯ ಕೇಳಿದ. ಇಂಗ್ಲಿಷ್ ಕಲಿಸಿ, ಆದರೆ ಜನರ ಭಾಷೆಯನ್ನು ಬಿಡಬೇಡಿ ಎಂಬ ಅರ್ಥದ ಉತ್ತರವನ್ನು ಆ ಅಮೆರಿಕದವನೇ ಕೊಟ್ಟ. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತತ್ಸುಯಿ ಎಂಬ ಯುವಕ 1873ರಲ್ಲಿ ಜಪಾನೀ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು, ಅದರ ಮುನ್ನುಡಿಯಲ್ಲಿ ಮೋರಿಗೆ ಉತ್ತರಿಸಿದ. ಅವನ ವಾದ ಸರಳ. ಇಂಗ್ಲಿಷ್ ಕಲಿಯಲು ವರ್ಷಗಟ್ಟಲೆ ಸಮಯ ಬೇಕು. ಅಷ್ಟು ಪುರುಸೊತ್ತು ಇರುವುದು ಉಳ್ಳವರಿಗೆ. ಉಳಿದ ಜನ ದೇಶದ ಮುಖ್ಯ ವಿಷಯಗಳಿಂದಲೇ ಹೊರಗೆ ಉಳಿಯುತ್ತಾರೆ, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಗೋಡೆ ಏಳುತ್ತದೆ. ನೂರೈವತ್ತು ವರ್ಷದ ಹಿಂದಿನ ಈ ಮಾತನ್ನು ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ನಿಂತು ಓದಿದರೂ ಹೊಸದಾಗಿಯೇ ಕೇಳಿಸುತ್ತದೆ.

ಜಪಾನು ಮೋರಿಯ ದಾರಿ ಹಿಡಿಯಲಿಲ್ಲ. ಮೊದಲು ದೊಡ್ಡ ಸಂಬಳ ಕೊಟ್ಟು ವಿದೇಶಿ ಅಧ್ಯಾಪಕರನ್ನು ಕರೆಸಿದರು. 1877ರಲ್ಲಿ ಸ್ಥಾಪನೆಯಾದ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಆರಂಭದಲ್ಲಿ ಇಂಗ್ಲಿಷ್, ಜರ್ಮನ್ ಭಾಷೆಗಳಲ್ಲೇ ಹೆಚ್ಚಿನ ಪಾಠ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅವರ ಶಿಷ್ಯರು ಅದೇ ಪಾಠವನ್ನು ಜಪಾನೀ ಭಾಷೆಯಲ್ಲಿ ಹೇಳತೊಡಗಿದರು. ಪದಗಳಿರಲಿಲ್ಲ, ಕಟ್ಟಿದರು. ತತ್ತ್ವಶಾಸ್ತ್ರಕ್ಕೆ ನಿಶಿ ಅಮಾನೆ ಎಂಬ ವಿದ್ವಾಂಸ ‘ತೆತ್ಸುಗಾಕು’ ಎಂಬ ಪದ ಕಟ್ಟಿದ. ಸಮಾಜ ಎಂಬುದಕ್ಕೆ ‘ಶಾಕಾಯ್’ ಎಂಬುದು ರೂಢಿಗೆ ಬಂತು. ಈ ಪದಗಳಲ್ಲಿ ಎಷ್ಟೋ ಆಮೇಲೆ ಚೀನಾ, ಕೊರಿಯಾಗಳಿಗೂ ಹೋದವು. ಕಲಿಯಲು ಹೋದವರು ಪಕ್ಕದವರಿಗೆ ಕೊಡುವವರೂ ಆದರು.

ಇದರ ಜೊತೆಗೆ ಒಂದು ಹೆಣ್ಣುಮಗುವಿನ ಕಥೆ ಕೇಳಿ. 1871ರ ಆ ಹಡಗಿನಲ್ಲಿ ಓದಲು ಹೊರಟ ಐವರು ಹುಡುಗಿಯರಿದ್ದರು. ಅತಿ ಚಿಕ್ಕವಳು ತ್ಸುದಾ ಉಮೆಕೊ, ವಯಸ್ಸು ಆರು. ಅಮೆರಿಕದ ಒಂದು ಮನೆಯಲ್ಲಿ ಬೆಳೆದಳು. 1882ರಲ್ಲಿ ಹದಿನೇಳರ ಹುಡುಗಿ ಮರಳಿ ಬಂದಾಗ ತಾಯ್ನುಡಿ ಮರೆತುಹೋಗಿತ್ತು. ಹೆತ್ತ ತಾಯಿಯ ಜೊತೆ ಮಾತಾಡಲು ಭಾಷೆಯಿಲ್ಲ. ಅವಳು ಮತ್ತೆ ಮೊದಲಿನಿಂದ ಜಪಾನೀ ಕಲಿತಳು. 1900ರಲ್ಲಿ ಹೆಣ್ಣುಮಕ್ಕಳಿಗಾಗಿ ಇಂಗ್ಲಿಷ್ ಕಲಿಸುವ ಉನ್ನತ ಶಾಲೆ ತೆರೆದಳು. ಅದೇ ಇಂದಿನ ತ್ಸುದಾ ವಿಶ್ವವಿದ್ಯಾಲಯ. 2024ರಲ್ಲಿ ಬಂದ ಐದು ಸಾವಿರ ಯೆನ್ ನೋಟಿನ ಮೇಲೆ ಅವಳ ಚಿತ್ರವಿದೆ. ಪಶ್ಚಿಮ ಅವಳಿಂದ ಒಂದನ್ನು ಕಸಿಯಿತು, ಒಂದನ್ನು ಕೊಟ್ಟಿತು. ಎರಡನ್ನೂ ಅವಳು ತನ್ನ ದೇಶದ ಹುಡುಗಿಯರ ಲೆಕ್ಕಕ್ಕೆ ಜಮಾ ಮಾಡಿದಳು.

ಮಕ್ಕಳು ಆಕಳಿಸುತ್ತಿದ್ದೀರಿ, ಒಂದು ತಿಂಡಿಯ ಮಾತು ಹೇಳುತ್ತೇನೆ. ಜಪಾನಿನವರಿಗೆ ಮೊದಮೊದಲು ಬ್ರೆಡ್ಡು ರುಚಿಸಲಿಲ್ಲ. 1874ರಲ್ಲಿ ಟೋಕಿಯೋದ ಕಿಮುರಾಯಾ ಎಂಬ ಬೇಕರಿಯವರು ಅನ್ನದಿಂದ ಮದ್ಯ ಮಾಡುವಾಗ ಬಳಸುವ ಹುದುಗನ್ನೇ ಹಿಟ್ಟಿಗೆ ಹಾಕಿ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ ತುಂಬಿ ಬನ್ ಮಾಡಿದರು. ನಮ್ಮ ಒಬ್ಬಟ್ಟಿನ ಹೂರಣವನ್ನು ಬನ್ನಿನಲ್ಲಿ ಇಟ್ಟ ಹಾಗೆ. ಹೆಸರು ‘ಅನ್‌ಪಾನ್’. ಮರುವರ್ಷ ಅದು ಚಕ್ರವರ್ತಿಯ ತಟ್ಟೆಗೂ ಹೋಯಿತು, ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಬ್ರೆಡ್ಡು ಬೇಡವೆಂದು ಅವರು ಚಳವಳಿ ಮಾಡಲಿಲ್ಲ, ಹೂರಣ ಬಿಡಲೂ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ ಜಪಾನಿನ ಗುಣಗಾನವಾಗುತ್ತದೆ, ಇತಿಹಾಸವಾಗುವುದಿಲ್ಲ. ಪೆರ್ರಿಯಿಂದ ಅವರು ಇನ್ನೊಂದು ಪಾಠವನ್ನೂ ಕಲಿತರು. 1875ರಲ್ಲಿ ಜಪಾನಿನ ಯುದ್ಧನೌಕೆಯೊಂದು ಕೊರಿಯಾದ ತೀರಕ್ಕೆ ಹೋಗಿ ಕಾದಾಟಕ್ಕೆ ನೆಪ ಮಾಡಿತು. 1876ರಲ್ಲಿ ಕೊರಿಯಾದಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡರು. ಅದರಲ್ಲಿ ಏನಿತ್ತು ಗೊತ್ತೆ? ಬಂದರು ತೆರೆಯಬೇಕು, ಅಲ್ಲಿ ಜಪಾನೀಯರು ತಪ್ಪು ಮಾಡಿದರೆ ವಿಚಾರಣೆ ಜಪಾನಿನವರದೇ. ತಮಗಾದ ಅನ್ಯಾಯವನ್ನು ಅಕ್ಷರಶಃ ನಕಲು ಮಾಡಿ ಪಕ್ಕದ ಮನೆಗೆ ಹಂಚಿದರು. 1910ರಲ್ಲಿ ಕೊರಿಯಾವನ್ನೇ ನುಂಗಿದರು. ಕೊನೆಗೆ 1940ರಲ್ಲಿ ಕೊರಿಯಾದ ಜನ ತಮ್ಮ ಹೆಸರುಗಳನ್ನೂ ಜಪಾನೀ ರೀತಿಗೆ ಬದಲಿಸಿಕೊಳ್ಳುವ ಒತ್ತಾಯ ಬಂತು. ತಮ್ಮದೇ ಉತ್ತರದ ಹೊಕ್ಕಾಯ್ಡೊ ದ್ವೀಪದ ಮೂಲನಿವಾಸಿ ಐನು ಜನರ ಹೆಂಗಸರಿಗೆ ಹಚ್ಚೆ ಹಾಕಿಸಿಕೊಳ್ಳುವುದನ್ನು 1871ರಲ್ಲಿ ನಿಷೇಧಿಸಿದರು. ಬೇಟೆ, ಮೀನುಗಾರಿಕೆಯಿಂದ ಬದುಕುತ್ತಿದ್ದವರನ್ನು ಬೇಸಾಯಕ್ಕೆ ದೂಡಿ 1899ರಲ್ಲಿ ಕಾನೂನು ಮಾಡಿದರು. ಐನು ಜನರನ್ನು ಮೂಲನಿವಾಸಿಗಳೆಂದು ಕಾನೂನು ಒಪ್ಪಿಕೊಂಡದ್ದು 2019ರಲ್ಲಿ.

1916ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿಗೆ ಹೋಗಿದ್ದರು. ಭರ್ಜರಿ ಸ್ವಾಗತ ಸಿಕ್ಕಿತು. ಯುರೋಪಿನಿಂದ ಕಲಿಯಿರಿ, ಆದರೆ ಬೇರೆ ಜನರನ್ನು ತುಳಿಯುವ ಅದರ ರಾಷ್ಟ್ರಹಸಿವನ್ನು ಕಲಿಯಬೇಡಿ ಎಂಬ ತಾತ್ಪರ್ಯದ ಮಾತನ್ನು ಅವರು ಅಲ್ಲಿ ಹೇಳಿದಾಗ ಸ್ವಾಗತದ ಬಿಸಿ ಆರಿತು. ಆ ಮಾತು ಕೇಳದ್ದಕ್ಕೆ ಏಷ್ಯಾದ ದೇಶಗಳೂ ಬೆಲೆ ತೆತ್ತವು, 1945ರಲ್ಲಿ ಹಿರೋಶಿಮಾ, ನಾಗಸಾಕಿಯ ಸಾಮಾನ್ಯ ಜನರೂ ತೆತ್ತರು.

ನಮ್ಮ ನಾಡಿಗೂ ಈ ಕಥೆಗೂ ನೇರ ಸಂಬಂಧವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆ, ಕೈಗಾರಿಕೆಗಳನ್ನು ನೋಡಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣಕ್ಕೂ ಕೈಗಾರಿಕೆಗೂ ಕೊಟ್ಟ ಒತ್ತಿನ ಹಿಂದೆ ಜಪಾನಿನ ಉದಾಹರಣೆ ಇತ್ತು. ಅವರ ಕಾಲದಲ್ಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದವು. 1918ರ ಸುಮಾರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಗೆಳೆಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ಬಹಳ ಕಾಲ ನಡೆಯಲಿಲ್ಲ. ಆದರೆ ಭೌತವಿಜ್ಞಾನದ ಅಧ್ಯಾಪಕರೊಬ್ಬರು ಕನ್ನಡದಲ್ಲಿ ವಿಜ್ಞಾನ ಹೇಳಲು ಅಂದು ಕೂತದ್ದು, ಸುಗಿತಾ ಡಚ್ ಪುಸ್ತಕದ ಮುಂದೆ ಕೂತ ಹಾಗೆಯೇ. ರೇಷ್ಮೆ ಬೆಳೆಯುವವರು ಇಲ್ಲಿದ್ದೀರಿ. ನಿಮ್ಮ ದ್ವಿತಳಿ ಗೂಡಿನ ಹಿಂದೆಯೂ ಮೈಸೂರಿನ ಸಂಶೋಧನಾ ಸಂಸ್ಥೆಯ ಜೊತೆ ಜಪಾನಿನ ತಜ್ಞರು ಮಾಡಿದ ಕೆಲಸವಿದೆ.

ಈಗ ನಮ್ಮ ಮನೆಯ ಮಾತು. ಈ ಶಾಲೆಯ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ಮುಖ್ಯೋಪಾಧ್ಯಾಯರು ನಿನ್ನೆಯ ವರದಿಯಲ್ಲಿ ಹೇಳಿದರು. ಬೆಳಗ್ಗೆ ಏಳೂವರೆಗೆ ಮೂರು ಹಳದಿ ವ್ಯಾನುಗಳು ಊರ ಮಕ್ಕಳನ್ನು ತುಂಬಿಕೊಂಡು ಪಟ್ಟಣಕ್ಕೆ ಹೋಗುತ್ತವೆ. ಆ ತಂದೆತಾಯಿಯರ ಮೇಲೆ ನನಗೆ ಕೋಪವಿಲ್ಲ. ಕೂಲಿ ಮಾಡಿ ಫೀಜು ಕಟ್ಟುವ ತಾಯಿಗೆ ಮಗ ತನ್ನಂತೆ ಆಗಬಾರದು ಎಂಬ ಆಸೆಯಿದೆ, ಅದು ತಪ್ಪಲ್ಲ. ಇಂಗ್ಲಿಷ್ ಬೇಡವೆಂದು ನಾನು ಹೇಳಿದರೆ, ನಿಮ್ಮ ಮಕ್ಕಳು ಎಲ್ಲಿ ಓದಿದರು ಮೇಷ್ಟ್ರೇ ಎಂದು ನೀವು ಕೇಳುತ್ತೀರಿ, ಕೇಳಲೂ ಬೇಕು. ಇಂಗ್ಲಿಷ್ ಖಂಡಿತ ಬೇಕು. ಚೆನ್ನಾಗಿ ಬೇಕು, ಎಲ್ಲರಿಗೂ ಬೇಕು, ಸರ್ಕಾರಿ ಶಾಲೆಯಲ್ಲೇ ಬೇಕು. ನನ್ನ ತಕರಾರು ಇರುವುದು ಬೇರೆ ಕಡೆ. ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡಿಸಿ, ಟೈ ಕಟ್ಟಿಸಿ, ಇದೇ ವಿದ್ಯೆ ಎಂದು ನಂಬಿಸುವುದು ರೊಕುಮೇಕಾನಿನ ಕುಣಿತ. ದ್ಯುತಿಸಂಶ್ಲೇಷಣೆ ಎಂದರೆ ಏನೆಂದು ಬದುವಿನ ಮೇಲೆ ನಿಂತು, ಎಲೆ ಕೈಯಲ್ಲಿ ಹಿಡಿದು, ಮನೆಯ ಮಾತಿನಲ್ಲಿ ಹೇಳಬಲ್ಲ ಹುಡುಗಿ ನಾಳೆ ಅದನ್ನು ಇಂಗ್ಲಿಷಿನಲ್ಲೂ ಹೇಳಬಲ್ಲಳು. ಅರ್ಥವಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದವನು ಯಾವ ಭಾಷೆಯಲ್ಲೂ ಹೇಳಲಾರ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನಿಧಿಗೆ ಉದಾರವಾಗಿ ಕೊಟ್ಟಿದ್ದೀರಿ, ಹೊಸ ಕೊಠಡಿಗೆ ಬಣ್ಣವೂ ಬಂದಿದೆ. ಅದಕ್ಕಿಂತ ಕಷ್ಟದ ಒಂದು ದಾನ ಕೇಳುತ್ತೇನೆ. ನಿಮ್ಮಲ್ಲಿ ಸಾಫ್ಟ್‌ವೇರ್ ಮಾಡುವವರಿದ್ದೀರಿ, ನರ್ಸುಗಳಿದ್ದೀರಿ, ಲಾರಿ ಗ್ಯಾರೇಜು ನಡೆಸುವವರಿದ್ದೀರಿ, ವಿದೇಶದಲ್ಲಿ ಸಂಶೋಧನೆ ಮಾಡುವವರೂ ಇದ್ದೀರಿ. ವರ್ಷಕ್ಕೆ ಒಂದು ದಿನ ಈ ಶಾಲೆಗೆ ಬನ್ನಿ. ನೀವು ಮಾಡುವ ಕೆಲಸ ಏನು, ಅದು ಹೇಗೆ ನಡೆಯುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿ. ಪದ ಸಿಗದೆ ತಡವರಿಸುತ್ತೀರಿ. ಪದ ಕಟ್ಟಿ, ಮಕ್ಕಳನ್ನೇ ಕೇಳಿ, ಅವರು ಕಟ್ಟಿಕೊಡುತ್ತಾರೆ. ಹೇಳಿದ್ದನ್ನು ಎರಡು ಪುಟ ಬರೆದು ನಮ್ಮ ಗ್ರಂಥಾಲಯಕ್ಕೆ ಕೊಟ್ಟು ಹೋಗಿ. ಹತ್ತು ವರ್ಷದಲ್ಲಿ ಅದೊಂದು ಕಪಾಟು ತುಂಬುತ್ತದೆ. ಊರಿನವರಲ್ಲೂ ಒಂದು ಮಾತು: ಇಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ವ್ಯಾನಿಗೆ ಮಕ್ಕಳನ್ನು ಹತ್ತಿಸುವ ಮೊದಲು, ಎಲ್ಲರೂ ಕೂಡಿ ಶಿಕ್ಷಣ ಇಲಾಖೆಯ ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಈ ಶಾಲೆಯನ್ನು ಐವತ್ತು ವರ್ಷದ ಹಿಂದೆ ತಂದವರು ಹಾಗೆ ಹೋಗಿ ಬಂದವರೇ.

ಪಶ್ಚಿಮದಿಂದ ಬಂದದ್ದನ್ನೆಲ್ಲ ಅಪ್ಪಿಕೊಳ್ಳಬೇಕಿಲ್ಲ, ಆಚೆ ತಳ್ಳಲೂಬೇಕಿಲ್ಲ. ಇದು ನಿಜವೆ, ಯಾರ ತೀರ್ಮಾನ, ಯಾರ ಖರ್ಚು, ನಮಗಿಂತ ಬಡವನ ಗತಿ ಏನು ಎಂದು ಕೇಳಿ ತೆಗೆದುಕೊಳ್ಳೋಣ. ಹಾಗೆ ಕೇಳುವುದನ್ನು ಕಲಿಸುವ ಜಾಗ ಈ ಊರಿನಲ್ಲಿ ಇದೊಂದೇ ಇದೆ. ಇದರ ಬಾಗಿಲು ತೆರೆದಿರಲಿ.